ಎರಡನೆಯ ಸಹಿ

ಶೆಡ್ಡಿನ ಗೋಡೆಯ ಮೇಲೆ, ದೀಪದ ಸ್ವಿಚ್ಚಿನ ಪಕ್ಕದಲ್ಲಿ, ಕ್ಲಿಪ್ ಇದ್ದ ಒಂದು ರಟ್ಟು ತೂಗುತ್ತಿತ್ತು. ಅದಕ್ಕೆ ಸಿಕ್ಕಿಸಿದ ಕಾರ್ಡಿನಲ್ಲಿ ಐದು ಕಾಲಂಗಳಿದ್ದವು. ತಾರೀಖು, ಯಂತ್ರ ಆಫ್ ಮಾಡಿದ ಹೊತ್ತು, ಒಳಗುಳಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಮೊದಲ ಅರ್ತಿಂಗ್ ಮಾಡಿದವರ ಸಹಿ, ಎರಡನೆಯ ಅರ್ತಿಂಗಿನ ಹೊತ್ತು, ಅದನ್ನು ಮಾಡಿದವರ ಸಹಿ. ಮೂರನೆಯ ಕಾಲಮ್ಮಿನ ಉದ್ದಕ್ಕೂ ನಮ್ಮ ಹಿರಿಯ ತಂತ್ರಜ್ಞರ ಸಹಿ, ಐದನೆಯದರ ಉದ್ದಕ್ಕೂ ನನ್ನದು. ಈಗ ಬರೆಯಲು ಕೂತಿರುವುದು ಆ ಐದನೆಯ ಕಾಲಮ್ಮಿನ ಬಗ್ಗೆ. ನಾನು ಕಂಡದ್ದು, ಕೇಳಿದ್ದು, ಮಾಡದೆ ಬಿಟ್ಟದ್ದು, ಇಷ್ಟನ್ನೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದವಳಾದ ನನ್ನ ಹೆಂಡತಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯೆ. ಅವಳ ಹಿಂದೆ ನಾನು ಬಂದೆ. ಬೆಂಗಳೂರಿನ ಕಾರ್ಖಾನೆಯಲ್ಲಿ ರೇಡಾರಿನ ಪರದೆಗಳನ್ನು ಜೋಡಿಸಿ ಹೊಂದಿಸುತ್ತಿದ್ದವನಿಗೆ ಇಲ್ಲಿ ಆ ಕೆಲಸ ಕೊಡುವವರು ಯಾರೂ ಇರಲಿಲ್ಲ. ಕೊನೆಗೆ ಒಂದು ಸಂಗ್ರಹಾಲಯ ಕರೆಯಿತು. ಪಾರ್ಕ್ ರಾಯಲ್‌ನಲ್ಲಿ ಅವರದೊಂದು ದಾಸ್ತಾನು ಶೆಡ್ ಇತ್ತು. ಎಡಕ್ಕೆ ಬಿಸ್ಕತ್ತಿನ ಕಾರ್ಖಾನೆ, ಬಲಕ್ಕೆ ಸಮೋಸ ಕರಿದು ಡಬ್ಬಿಗೆ ತುಂಬುವ ಘಟಕ. ಬೆಳಿಗ್ಗೆ ಸಕ್ಕರೆಯ ವಾಸನೆ, ಮಧ್ಯಾಹ್ನದ ಮೇಲೆ ಎಣ್ಣೆಯ ವಾಸನೆ. ವೆಂಬ್ಲಿಯ ನಮ್ಮ ಫ್ಲ್ಯಾಟಿಗೆ ವಾಪಸ್ಸು ಬಂದಾಗ ನನ್ನ ಕೋಟಿನಲ್ಲಿ ಎರಡೂ ಇರುತ್ತಿದ್ದವು.

ಅಲ್ಲಿದ್ದ ಯಂತ್ರ ಅರವತ್ತರ ದಶಕದ್ದು. ವಿಮಾನದ ರೆಕ್ಕೆಗಳನ್ನು ವಿನ್ಯಾಸ ಮಾಡುವ ಒಂದು ಕಚೇರಿಯಲ್ಲಿ, ಒಂದು ಇಡೀ ಕೋಣೆ ತುಂಬುವ ಕಂಪ್ಯೂಟರಿಗೆ ಜೋಡಿಸಿದ್ದ ಪರದೆ ಅದು. ಬರೆಯುವ ಮೇಜಿನಷ್ಟು ಅಗಲದ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಅದರ ಎದುರಿಗೆ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಗಾಜು. ಗಾಜಿನ ಹಿಂದೆ ಪಿಕ್ಚರ್ ಟ್ಯೂಬು ಆಲಿಕೆಯಂತೆ ಕಿರಿದಾಗುತ್ತಾ ಹೋಗಿ, ಕೊನೆಯಲ್ಲಿ ಎರಡು ಬೆರಳಿನಷ್ಟು ದಪ್ಪದ ಕತ್ತಾಗುತ್ತಿತ್ತು. ಕಂಪ್ಯೂಟರನ್ನು ಎಂದೋ ಒಡೆದು ಗುಜರಿಗೆ ಹಾಕಿದ್ದರು. ಪರದೆ ಮಾತ್ರ ಉಳಿದಿತ್ತು, ಅದರ ಟ್ಯೂಬೂ ಒಂದೇ ಉಳಿದಿತ್ತು. ಅದನ್ನು ಮತ್ತೆ ಬೆಳಗಿಸಿ, ಆ ಕಚೇರಿಯಲ್ಲಿ ಬರೆಯುತ್ತಿದ್ದ ರೆಕ್ಕೆಯ ಅಡ್ಡಕೊಯ್ತದ ಚಿತ್ರವನ್ನೇ ಅದರಲ್ಲಿ ಮೂಡಿಸಬೇಕು ಎನ್ನುವುದು ನಮಗೆ ಒಪ್ಪಿಸಿದ ಕೆಲಸ.

ನಮಗೆ ಎಂದರೆ ಇಬ್ಬರಿಗೆ. ಹಿರಿಯ ತಂತ್ರಜ್ಞರಿಗೆ ಎಪ್ಪತ್ತು ದಾಟಿತ್ತು. ಹರೆಯದಲ್ಲಿ ಇಂಥ ಪರದೆಗಳನ್ನು ತಯಾರಿಸಿದ್ದ ಕಾರ್ಖಾನೆಯಲ್ಲೇ ದುಡಿದವರು. ಟ್ಯೂಬಿನ ಕತ್ತಿನ ಸುತ್ತ ಇರುವ ತಾಮ್ರದ ಸುರುಳಿಯನ್ನು ತಮ್ಮ ಕೈಯಾರೆ ಸುತ್ತಿದವರು. ಅವರು ನಿವೃತ್ತರು, ಬಯಸಿ ಬರುತ್ತಿದ್ದರು. ನಾನು ಸಂಬಳಕ್ಕೆ ಬರುತ್ತಿದ್ದೆ. ನಮ್ಮಿಬ್ಬರ ಮೇಲೆ ಸಂಗ್ರಹಾಲಯದ ಅಧಿಕಾರಿಣಿಯೊಬ್ಬರು. ವಾರಕ್ಕೆರಡು ಸಲ ಬಂದು, ಕೈಗವಸು ತೊಟ್ಟು, ನಾವು ಮುಟ್ಟಿದ್ದನ್ನೆಲ್ಲ ಪಟ್ಟಿ ಮಾಡಿಕೊಂಡು ಹೋಗುತ್ತಿದ್ದರು.

ಮೊದಲ ದಿನ ಹಿರಿಯರು ನನಗೆ ಯಂತ್ರದ ಪರಿಚಯ ಮಾಡಿಸಿದ್ದು ಹೀಗೆ: “ಟೀವಿ ಗೋಡೆಗೆ ಸುಣ್ಣ ಬಳಿಯುತ್ತೆ. ಮೇಲಿನಿಂದ ಕೆಳಗೆ, ಸಾಲು ಬಿಡದೆ, ಚಿತ್ರ ಇರಲಿ ಇಲ್ಲದಿರಲಿ. ಇದು ಹಾಗಲ್ಲ ಮೇಟ್. ಇದು ಸಹಿ ಹಾಕುತ್ತೆ.”

ಅದು ನಿಜ. ಎಲೆಕ್ಟ್ರಾನಿನ ಕಿರಣ ಇಡೀ ಪರದೆಯನ್ನು ತಡವುವುದಿಲ್ಲ. ಗೆರೆ ಎಲ್ಲಿ ಶುರುವಾಗಬೇಕೋ ಅಲ್ಲಿಗೆ ನೇರ ಹೋಗುತ್ತದೆ, ಎಲ್ಲಿ ಮುಗಿಯಬೇಕೋ ಅಲ್ಲಿಯವರೆಗೆ ಬರೆಯುತ್ತದೆ. ಆದರೆ ಬರೆದ ಗೆರೆ ಬರೆದ ಕ್ಷಣದಿಂದಲೇ ಆರತೊಡಗುತ್ತದೆ. ಸೆಕೆಂಡಿಗೆ ಮೂವತ್ತು ಸಲ ಅದೇ ಗೆರೆಯನ್ನು ಅದೇ ಜಾಗದಲ್ಲಿ ಬರೆಯುತ್ತಿರಬೇಕು. ಗೆರೆಗಳು ಹೆಚ್ಚಾದರೆ ಒಂದು ಸುತ್ತು ಮುಗಿಯುವುದು ತಡವಾಗಿ ಚಿತ್ರವೆಲ್ಲ ನಡುಗುತ್ತದೆ. ಆಗಿನ ವಿನ್ಯಾಸಕಾರರು ಮೇಜಿನ ಖಾನೆಯಲ್ಲಿ ತಲೆನೋವಿನ ಮಾತ್ರೆ ಇಟ್ಟುಕೊಂಡೇ ರೆಕ್ಕೆ ಬರೆಯುತ್ತಿದ್ದರಂತೆ.

ಕಂಪ್ಯೂಟರಿನ ಬದಲಿಗೆ ನಾನು ಒಂದು ಚಿಕ್ಕ ಪೆಟ್ಟಿಗೆ ಮಾಡಿದೆ. ಅದು ಬಿಂದುಗಳ ಪಟ್ಟಿಯನ್ನು ಒಂದೇ ಸಮನೆ ಪರದೆಗೆ ಉಣಿಸುತ್ತಿತ್ತು. ಮೊದಲು ಒಂದು ಚೌಕ ಬರೆಸಿ ನೋಡಿದೆವು. ಚೌಕ ಮೂಡಿತು, ಆದರೆ ಕೂಡಿಕೊಳ್ಳಲಿಲ್ಲ. ಕೆಳಗೆ ಬಲಮೂಲೆಯಲ್ಲಿ ಒಂದು ಅಕ್ಕಿಕಾಳಿನಷ್ಟು ಸಂದು. ಆ ಸಂದನ್ನು ಮುಚ್ಚುವುದರಲ್ಲಿ ನಮ್ಮ ಶರತ್ಕಾಲ ಕಳೆಯಿತು.

ಸುರುಳಿಯನ್ನು ಕತ್ತಿನ ಮೇಲೆ ಕೂದಲೆಳೆಯಷ್ಟು ತಿರುಗಿಸಬೇಕು, ಮತ್ತೆ ನೋಡಬೇಕು. ತಿರುಗಿಸಲು ಕೈ ಒಳಗೆ ಹೋಗಬೇಕು. ಒಳಗೆ ಹನ್ನೆರಡು ಸಾವಿರ ವೋಲ್ಟ್. ಹಾಗಾಗಿ ಪ್ರತಿ ಸಲವೂ ಒಂದು ಕ್ರಮ: ಯಂತ್ರ ಆಫ್ ಮಾಡುವುದು. ಹಿರಿಯರು ಅರ್ತಿಂಗ್ ಕೋಲಿನಿಂದ, ಅಂದರೆ ತುದಿಯಲ್ಲಿ ತಾಮ್ರದ ಕೊಕ್ಕೆಯಿದ್ದು ಅದರಿಂದ ನೆಲಕ್ಕೆ ತಂತಿ ಇಳಿದ ಒಂದು ಉದ್ದನೆಯ ಪ್ಲಾಸ್ಟಿಕ್ ಕೋಲಿನಿಂದ, ಹೈವೋಲ್ಟೇಜ್ ಕೊನೆಯನ್ನು ಮುಟ್ಟಿ ವಿದ್ಯುತ್ತನ್ನು ಇಳಿಸುವುದು. ಇಪ್ಪತ್ತು ನಿಮಿಷ ಕಾಯುವುದು. ಆಮೇಲೆ ಎರಡನೆಯವನು ಅದೇ ಕೋಲಿನಿಂದ ಮತ್ತೊಮ್ಮೆ ಮುಟ್ಟುವುದು. ಕಾಯುವುದಕ್ಕೆ ಕಾರಣವಿದೆ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ, ಎಣ್ಣೆ ತುಂಬಿದ ಹಳೆಯ ಕೆಪಾಸಿಟರಿನಿಂದ ವಿದ್ಯುತ್ತನ್ನು ಪೂರ್ತಿ ಇಳಿಸಿದ ಮೇಲೂ ಅದರ ಒಳಗೆ ಹೀರಿಕೊಂಡದ್ದು ನಿಧಾನವಾಗಿ ಮೇಲೆ ಬರುತ್ತದೆ. ಅದನ್ನು ತಾನೇ ಸೋರಿಸಿಬಿಡಲೆಂದು ಪಕ್ಕದಲ್ಲಿ ಒಂದು ರೆಸಿಸ್ಟರ್ ಇರುತ್ತದೆ. ಅದನ್ನು ನಂಬಿ ಕೂರಬಾರದು ಎಂದೇ ಎರಡನೆಯ ಅರ್ತಿಂಗು.

ಇಪ್ಪತ್ತು ನಿಮಿಷ ನಮ್ಮ ಚಹಾದ ಹೊತ್ತು. ಮೂಲೆಯ ಸಿಂಕಿನ ಬಳಿ ಚಹಾ ಮಾಡುವವನು ನಾನು. ಹಿರಿಯರು ಮಾಡುವುದು, ನಾನು ಕೂತು ಕುಡಿಯುವುದು ನನ್ನ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಮೊದಲ ಮೂರು ದಿನ ಚಹಾ ಮುಗಿದ ಮೇಲೆ ಕೋಲು ಹಿಡಿದು ಒಳಗೆ ಮುಟ್ಟಿಸಿದೆ. ಅವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅವರು ಮಾಡಿದ ಕೆಲಸವನ್ನು ಅವರ ಕಣ್ಣೆದುರಿಗೇ ಪರೀಕ್ಷೆ ಮಾಡುತ್ತಿದ್ದೇನೆ ಎನಿಸಿ ನನಗೆ ಮುಖ ಬಿಸಿಯಾಗುತ್ತಿತ್ತು. ಬೆಂಗಳೂರಿನ ಕಾರ್ಖಾನೆಯಲ್ಲಿ ಹಿರಿಯರು ಒಮ್ಮೆ ಮುಟ್ಟಿ ನೋಡಿದ್ದನ್ನು ಕಿರಿಯರು ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ನಾವೆಲ್ಲ ಕಲಿತಿದ್ದೆವು. ನಾಲ್ಕನೆಯ ದಿನ ಅವರು ಕೋಲನ್ನು ಮೊಳೆಗೆ ತೂಗುಹಾಕಿ ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ನಾನು ಚಹಾ ತರುತ್ತಾ ದಾರಿಯಲ್ಲೇ ಕಾರ್ಡಿಗೆ ಸಹಿ ಹಾಕಿದೆ, ಇನ್ನೂ ಆಗಿರದ ಹೊತ್ತನ್ನು ಬರೆದು. ಚಹಾ ಕುಡಿದು ಅವರು ಕಾಲಾಡಿಸಲು ಬಾಗಿಲವರೆಗೆ ಹೋಗಿ ಬಂದರು, ಅಷ್ಟರಲ್ಲಿ ನಾನು ಕೋಲು ಮುಟ್ಟಿಸಿದ್ದೇನೆಂದು ತಿಳಿದರು. ಏನೂ ಆಗಲಿಲ್ಲ. ಮರುದಿನವೂ ಹಾಗೆಯೇ. ದಿನಕ್ಕೆ ನಾಲ್ಕು ಸಲದಂತೆ ಹನ್ನೊಂದು ವಾರ.

ಒಳಗೆ ಕೈ ಹಾಕುವ ಮುನ್ನ ಅವರು ಪ್ರತಿ ಸಲವೂ ಕೇಳುತ್ತಿದ್ದರು: “ಸೇಫಾ?”

“ಸೇಫ್, ಸರ್.”

ನವೆಂಬರಿನ ಒಂದು ಮಂಗಳವಾರ. ಮೂರು ಗಂಟೆಗೇ ಬೆಳಕು ಕುಂದಿತ್ತು. ಸಂದು ಈಗ ಸಾಸಿವೆ ಕಾಳಿನಷ್ಟಾಗಿತ್ತು. ಇನ್ನೊಂದೇ ಸಲ ತಿರುಗಿಸಿದರೆ ಸಾಕು ಎಂದು ಇಬ್ಬರಿಗೂ ಅನಿಸಿತ್ತು. ಹಿರಿಯರು ಯಂತ್ರ ಆಫ್ ಮಾಡಿದರು, ಅರ್ತಿಂಗ್ ಮಾಡಿದರು. ನಾನು ಸಿಂಕಿನ ಬಳಿ ಹೋದೆ, ಚಹಾ ತರುತ್ತಾ ಎಂದಿನಂತೆ ಕಾರ್ಡಿಗೆ ಸಹಿ ಹಾಕಿದೆ.

“ಸರ್, ಚಹಾ.”

“ಸರ್ ಅನ್ನಬೇಡ ಅಂತ ಎಷ್ಟು ಸಲ ಹೇಳಬೇಕು? ಸರ್ ಪದವಿ ಕೊಡಲು ರಾಣಿ ಇನ್ನೂ ನನ್ನ ಹೆಗಲ ಮೇಲೆ ಕತ್ತಿ ಇಟ್ಟಿಲ್ಲ.”

“ಇಡ್ತಾರೆ, ಸರ್.”

“ಇಟ್ಟರೆ ಮೊದಲು ಆ ಕತ್ತಿಗೆ ಅರ್ತಿಂಗ್ ಮಾಡಿಸು.”

ಇಬ್ಬರೂ ನಕ್ಕೆವು. ಚಹಾ ಮುಗಿಯಿತು. ಹಿರಿಯರು ಬಾಗಿಲವರೆಗೆ ಹೋಗಿ ಬಂದು, ಸ್ವಿಚ್ಚುಗಳಿದ್ದ ಮುಂದಿನ ಫಲಕದ ಧೂಳನ್ನು ಬಟ್ಟೆಯಿಂದ ಒರೆಸಿದರು. ಅವರು ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ವಿದ್ಯುತ್ತಿನ ಹತ್ತಿರ ಒಂದೇ ಕೈ ಇರಬೇಕು ಎನ್ನುವುದು ಅವರ ಅಭ್ಯಾಸ. “ಸೇಫಾ?” ಎಂದರು. “ಸೇಫ್, ಸರ್” ಎಂದೆ. ಬಲಗೈ ಒಳಗೆ ಹೋಯಿತು.

ಒಂದು ಚಟ್ ಸದ್ದು. ಅವರ ಕೈ ತಾನಾಗಿ ಹಿಂದಕ್ಕೆ ಹಾರಿತು, ಮೊಣಕೈ ಟ್ಯೂಬಿನ ಕತ್ತಿಗೆ ಬಡಿಯಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಕುರ್ಚಿ ತಪ್ಪಿ, ನೆಲದ ಮೇಲೆ ಕೂತರು. ಆಮೇಲೆ ಒಂದು ಉದ್ದನೆಯ ಸೀಳು ಉಸಿರಿನ ಸದ್ದು. ಅದು ಅವರದ್ದೆಂದು ನಾನು ತಿಳಿದೆ, ಅಲ್ಲ. ಮುರಿದ ಕತ್ತಿನಿಂದ ಟ್ಯೂಬಿನ ಒಳಕ್ಕೆ ಗಾಳಿ ನುಗ್ಗುತ್ತಿತ್ತು. ಮೂರೋ ನಾಲ್ಕೋ ಸೆಕೆಂಡು. ಕತ್ತಿನ ಒಳಗಡೆ ಕನ್ನಡಿಯಂತೆ ಹೊಳೆಯುವ ಒಂದು ಬೆಳ್ಳಿ ಕಲೆ ಇರುತ್ತದೆ, ಟ್ಯೂಬು ನಿರ್ವಾತವಾಗಿದೆ ಎನ್ನುವುದಕ್ಕೆ ಅದೇ ಗುರುತು. ನಾನು ನೋಡುತ್ತಿದ್ದಂತೆ ಅದು ಅಂಚಿನಿಂದ ಹಾಲಿನಂತೆ ಬೆಳ್ಳಗಾಗುತ್ತಾ ಬಂತು. ಮನುಷ್ಯ ನೆಲದ ಮೇಲೆ ಕೂತಿದ್ದಾಗ ನಾನು ಆ ಕಲೆಯನ್ನು ನೋಡುತ್ತಾ ನಿಂತಿದ್ದೆ. ಇದನ್ನೂ ಬರೆಯಬೇಕು.

ಅವರ ಮೊದಲ ಮಾತು, “ಟ್ಯೂಬ್ ಹೋಯಿತಾ?”

“ಹೋಯಿತು, ಸರ್.”

ಆಂಬ್ಯುಲೆನ್ಸ್ ಕರೆದೆ. ಬೆರಳ ತುದಿಯಲ್ಲಿ ಮೆಣಸಿನಕಾಳಿನಷ್ಟು ಸುಟ್ಟಿತ್ತು, ಅಷ್ಟೆ. ವಯಸ್ಸಿನ ಕಾರಣಕ್ಕೆ ಎದೆಬಡಿತ ಗಮನಿಸಬೇಕೆಂದು ಒಂದು ದಿನ ಇಟ್ಟುಕೊಂಡರು.

ಮರುದಿನ ಆಸ್ಪತ್ರೆಗೆ ಹೋದೆ. ಎದೆಗೆ ತಂತಿಗಳನ್ನು ಅಂಟಿಸಿಕೊಂಡು, ತಲೆಯ ಮೇಲಿದ್ದ ಚಿಕ್ಕ ಪರದೆಯಲ್ಲಿ ತಮ್ಮದೇ ಗೆರೆಯನ್ನು ನೋಡುತ್ತಾ ಮಲಗಿದ್ದರು. ಮೊದಲಿಗೆ, ಈ ಪರದೆ ಸುಣ್ಣ ಬಳಿಯುವ ಜಾತಿಯದು ಎಂದು ತಮಾಷೆ ಮಾಡಿದರು. ಆಮೇಲೆ ದನಿ ತಗ್ಗಿಸಿದರು.

“ನಾನು ಯೋಚನೆ ಮಾಡಿದೆ. ನೀನು ಎರಡನೆಯದು ಮಾಡಿದ್ದೀಯ, ಕಾರ್ಡಿನಲ್ಲಿದೆ. ಹಾಗಾದರೆ ಆಮೇಲೆ ನಾನೇ ಆನ್ ಮಾಡಿ ಆಫ್ ಮಾಡಿರಬೇಕು. ಫಲಕ ಒರೆಸುತ್ತಿದ್ದೆನಲ್ಲ, ಆಗ. ನನಗೆ ಒಂದಿಷ್ಟೂ ನೆನಪಿಲ್ಲ.”

ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

“ನನ್ನ ಅಕ್ಕನಿಗೆ ಹೀಗೇ ಶುರುವಾಯಿತು. ಮೊದಲು ಗ್ಯಾಸ್ ಒಲೆ ಮರೆತಳು. ಆಮೇಲೆ ಬಾಗಿಲು. ಆಮೇಲೆ ನನ್ನನ್ನ.” ಕಿಟಕಿಯ ಕಡೆ ಮುಖ ತಿರುಗಿಸಿದರು. “ನಮ್ಮ ಜಿಪಿ ಡಾಕ್ಟರಿಗೆ ಹೇಳಿ ತಲೆ ತೋರಿಸಬೇಕು. ಇನ್ನು ಆ ಯಂತ್ರದ ಹತ್ತಿರ ನಾನು ಬರಬಾರದು. ನಿನಗೆ ಏನಾದರೂ ಆಗಿದ್ದಿದ್ದರೆ.”

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನರ್ಸ್ ಬಂದು ಹೊತ್ತಾಯಿತು ಎಂದಾಗ ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ಸಂಗ್ರಹಾಲಯದ ಅಧಿಕಾರಿಣಿ ಹೇಳಿಕೆಯ ನಮೂನೆ ಕೊಟ್ಟಿದ್ದರು. ಸೋಮವಾರ ಒಪ್ಪಿಸಬೇಕು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಕೂತೆ. ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ, “ಡ್ಯಾಡ್, ಈಸ್ ಇಟ್ ಹೋಮ್‌ವರ್ಕ್?” ಎಂದು ಕೇಳಿ ಹೋದಳು. ಹೆಂಡತಿ ಈಲಿಂಗ್ ರಸ್ತೆಯಿಂದ ತಂದ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

“ಎಷ್ಟೊತ್ತಾತ್ರೀ ಒಂದ ಹಾಳಿ ಹಿಡ್ಕೊಂಡು ಕೂತು? ಏನ್ ಬರದೀರಿ, ಓದ್ರಿ ನೋಡೂಣು.”

ಓದಿದೆ. ಯಂತ್ರ ಆಫ್ ಮಾಡಿದ ಹೊತ್ತು, ಮೊದಲ ಅರ್ತಿಂಗು, ಆಮೇಲೆ ಒಂದು ವಾಕ್ಯ: ‘ಎರಡನೆಯ ಅರ್ತಿಂಗ್ ಕಾರ್ಡಿನಲ್ಲಿ ದಾಖಲಾಗಿದೆ.’

ಅವಳ ಕೈ ನಿಂತಿತು. “ದಾಖಲಾಗೇದ ಅಂದ್ರ? ನೀವು ಮಾಡೀರೋ, ಇಲ್ಲೋ?”

“ಇಲ್ಲ.”

“ಅವತ್ತೊಂದಿನ ಮಾಡಿಲ್ಲೋ, ಎಂದೂ ಮಾಡಿಲ್ಲೋ?”

ಹೇಳಿದೆ. ಅವರು ಹಿರಿಯರು, ಅವರ ಕೈಕೆಲಸವನ್ನು ಅವರೆದುರಿಗೇ ಮತ್ತೆ ನೋಡುವುದು ಸರಿ ಕಾಣಲಿಲ್ಲ, ಅವರಿಗೆ ಮರ್ಯಾದೆ ಎಂದೂ ಸೇರಿಸಿದೆ.

“ನಮ್ಮ ಥಿಯೇಟರಿನ್ಯಾಗ ರಕ್ತ ಕೊಡೂ ಮುಂದ ಚೀಲದ ಮ್ಯಾಲಿನ ನಂಬರ್ ಇಬ್ಬರು ಓದ್ತೀವಿ. ಒಮ್ಮೆ ನಾ, ಒಮ್ಮೆ ಸಿಸ್ಟರ್. ಡಾಕ್ಟರ್ ಬಾಯಿ ಓದ್ಯಾರ ಬಿಡು ಅಂತ ಆಕಿ ಓದಲಾರದs ಸಹಿ ಹಾಕಿದ್ರ ನನಗೇನ್ ಮರ್ಯಾದಿ ಕೊಟ್ಟಂಗಾತೇನ್ರೀ? ನನ್ನ ಕೈಯಾಗ ಒಬ್ಬರನ್ನ ಕೊಲ್ಲಸಿದಂಗಾತು.” ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. “ಅದಿರ್ಲಿ. ಅವರು ಮತ್ತ ಸ್ವಿಚ್ ಹಾಕಿದ್ರಂತ ಅನಸ್ತದೇನು ನಿಮಗ?”

“ಇಲ್ಲ. ಆನ್ ಮಾಡಿದರೆ ಅದರ ಟ್ರಾನ್ಸ್‌ಫಾರ್ಮರು ಗುಂಯ್ ಅನ್ನತ್ತೆ, ಕಪ್ಪು ಬಸಿ ಕೂಡ ನಡುಗುತ್ತವೆ. ಆ ಸದ್ದು ನಾನು ಕೇಳಲಿಲ್ಲ.”

“ಹಂಗಾರ ಆ ಕರೆಂಟ್ ಎಲ್ಲಿಂದ ಬಂತು?”

ಅವಳಿಗೆ ಹೇಳುತ್ತಾ ಹೋದಂತೆ ನನಗೇ ತಿಳಿಯುತ್ತಾ ಬಂತು. ಇಪ್ಪತ್ತು ನಿಮಿಷದಲ್ಲಿ ಕೆಪಾಸಿಟರಿನಲ್ಲಿ ಮೇಲೆ ಬಂದದ್ದು. ಆದರೆ ಅದನ್ನು ಸೋರಿಸುವ ರೆಸಿಸ್ಟರ್ ಸರಿಯಿದ್ದಿದ್ದರೆ ಮೇಲೆ ಬರುತ್ತಲೇ ಇರಲಿಲ್ಲ. ಅದು ಯಾವಾಗ ಸತ್ತಿತ್ತು? ನಾನು ಮುಟ್ಟಿ ನೋಡಿದ ಮೂರು ದಿನ ಕೋಲಿನ ತುದಿಯಲ್ಲಿ ಸದ್ದಿರಲಿಲ್ಲ. ಆಮೇಲೆ ಎಂದೋ ಸತ್ತಿರಬೇಕು. ದಿನವೂ ಕೋಲು ಮುಟ್ಟಿಸಿದ್ದರೆ ಅದು ಸತ್ತ ದಿನವೇ ಒಂದು ಸಣ್ಣ ಕಿಡಿ ಹಾರಿ ನನಗೆ ತಿಳಿಯುತ್ತಿತ್ತು.

“ನಿಮ್ಮ ಹಾಳಿ ಹಿಂಗs ಕೊಟ್ರ ಯಾರೂ ಅದನ್ನ ಹುಡುಕಂಗಿಲ್ಲ,” ಎಂದಳು ಅವಳು. “ನಾಳೆ ಇನ್ನೊಬ್ಬರು ಕೈ ಹಾಕ್ತಾರ. ಆ ಹಿರ್ಯಾರು ತಮ್ಮ ತಲಿ ಕೆಟ್ಟದ ಅಂತ ತಿಳ್ಕೊಂಡು ಮನ್ಯಾಗ ಕೂಡ್ತಾರ. ನಿಮ್ಮ ನೌಕರಿ ಉಳೀತದ, ಹೌದು.” ಮತ್ತೆ ಬುಟ್ಟಿ ಎಳೆದುಕೊಂಡಳು. “ಆಕಿ ಕೇಳಿದ್ದು ಖರೆ ಅದ ನೋಡ್ರಿ. ಹೋಮ್‌ವರ್ಕs ಅದು.”

ಹಾಳೆಯನ್ನು ಹರಿಯಲಿಲ್ಲ. ಆ ವಾಕ್ಯದ ಮೇಲೆ ಒಂದು ಗೆರೆ ಎಳೆದು, ಓದಲು ಬರುವಂತೆಯೇ ಬಿಟ್ಟು, ಕೆಳಗೆ ಬರೆದೆ: ‘ಎರಡನೆಯ ಅರ್ತಿಂಗನ್ನು ನಾನು ಮಾಡಲಿಲ್ಲ. ಆ ದಿನ ಮಾತ್ರವಲ್ಲ, ಮೊದಲ ಮೂರು ದಿನಗಳ ನಂತರ ಒಮ್ಮೆಯೂ ಮಾಡಿಲ್ಲ. ಯಂತ್ರವನ್ನು ಮತ್ತೆ ಆನ್ ಮಾಡಿದ ಸದ್ದು ನನಗೆ ಕೇಳಿಸಿಲ್ಲ. ಸೋರಿಸುವ ರೆಸಿಸ್ಟರನ್ನು ಪರೀಕ್ಷಿಸಬೇಕು.’ ಇಷ್ಟು ಬರೆಯಲು ಕತ್ತಲಾಗುವವರೆಗೆ ಬೇಕಾಯಿತು.

ಆದರೆ ಕೊಡುವುದಕ್ಕೆ ಮೊದಲು ಹಿರಿಯರಿಗೆ ಹೇಳಬೇಕಿತ್ತು. ಸೋಮವಾರ ಬೆಳಿಗ್ಗೆ ಆ್ಯಕ್ಟನ್‌ನಲ್ಲಿದ್ದ ಅವರ ಕೌನ್ಸಿಲ್ ಫ್ಲ್ಯಾಟಿಗೆ ಹೋದೆ. ಲಿಫ್ಟ್ ಕೆಟ್ಟಿತ್ತು, ಮೂರು ಮಹಡಿ ಹತ್ತಿದೆ. ಅವರೇ ಚಹಾ ಮಾಡಿದರು. ಒಲೆ ಆರಿಸಿ, ಗುಬುಟನ್ನು ಮುಟ್ಟಿ ನೋಡಿ, ಎರಡು ಹೆಜ್ಜೆ ಬಂದು, ವಾಪಸ್ಸು ಹೋಗಿ ಮತ್ತೆ ಮುಟ್ಟಿ ನೋಡಿದರು. ಅದನ್ನು ನೋಡಿದ ಮೇಲೆ ನನಗೆ ಪೀಠಿಕೆ ಹಾಕಲು ಸಾಧ್ಯವಾಗಲಿಲ್ಲ.

“ನೀವು ಆನ್ ಮಾಡಿಲ್ಲ. ನಾನು ಎರಡನೆಯದನ್ನ ಮಾಡಿಲ್ಲ. ಸಹಿ ಮಾತ್ರ ಹಾಕಿದೆ.”

ಅವರು ಕಪ್ಪನ್ನು ಕೆಳಗಿಟ್ಟರು. “ಇನ್ನೊಮ್ಮೆ ಹೇಳು.”

ಹೇಳಿದೆ.

“ಅಂದರೆ ನಾನು ಮರೆತಿಲ್ಲ.”

“ಇಲ್ಲ.”

ಅವರ ಭುಜಗಳು ಇಳಿದವು. ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಆಮೇಲೆ ಕೇಳಿದರು, “ಎಷ್ಟು ದಿನ?”

“ಹನ್ನೊಂದು ವಾರ.”

“ಯಾಕೆ?”

“ನೀವು ಮಾಡಿದ ಮೇಲೆ ನಾನು ಮತ್ತೆ ಮಾಡಿದರೆ, ನಿಮ್ಮನ್ನ ನಂಬದ ಹಾಗೆ ಆಗುತ್ತೆ ಅನ್ನಿಸಿತು.”

“ಆ ಕಾರ್ಡು ಯಾರು ಮಾಡಿದ್ದು ಅಂತ ಗೊತ್ತಾ ನಿನಗೆ?” ದನಿ ಏರಲಿಲ್ಲ. “ನಾನು. ಕಾರ್ಖಾನೆಯಲ್ಲಿ ನನ್ನ ಪಕ್ಕದ ಬೆಂಚಿನವನು ನಾನು ಸೇಫ್ ಅಂದದ್ದಕ್ಕೆ ಕೈ ಹಾಕಿದ. ಬದುಕಿದ, ಆದರೆ ಆ ಕೈಯಲ್ಲಿ ಮತ್ತೆ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಅವತ್ತು ಬರೆದೆ ಆ ಐದು ಕಾಲಂ. ನನ್ನನ್ನ ನಂಬಬಾರದು ಅಂತಲೇ ಬರೆದದ್ದು. ನೀನು ನನ್ನನ್ನ ನಂಬಿದೆ.”

“ಕ್ಷಮಿಸಿ, ಸರ್.”

“ಸರ್ ಅನ್ನಬೇಡ.” ಈ ಸಲ ಅದು ತಮಾಷೆಯಾಗಿರಲಿಲ್ಲ. “ಚಹಾ ಮುಗಿಸು. ಆಮೇಲೆ ಹೊರಡು.”

ಚಹಾ ಮುಗಿಸಿದೆ. ಅಷ್ಟು ಕಷ್ಟದ ಚಹಾವನ್ನು ನಾನು ಬೇರೆ ಕುಡಿದಿಲ್ಲ.

ಅಧಿಕಾರಿಣಿ ನಿಂತುಕೊಂಡೇ ಹೇಳಿಕೆ ಓದಿದರು. ಗೆರೆ ಎಳೆದ ವಾಕ್ಯವನ್ನೂ ಓದಿದರು. ಹನ್ನೊಂದು ವಾರಗಳ ಕಾರ್ಡುಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿ ಕೇಳಿದರು: “ಇದರಲ್ಲಿ ಎಷ್ಟು ಸಹಿ ನಿಜ?”

ಮೊದಲ ಕಾರ್ಡಿನ ಮೇಲ್ಭಾಗದ ಹನ್ನೆರಡು ಸಾಲು ತೋರಿಸಿದೆ. ಉಳಿದ ಕಾರ್ಡುಗಳನ್ನು ಅವರು ಒಂದೊಂದಾಗಿ ಪಾರದರ್ಶಕ ಲಕೋಟೆಗೆ ಹಾಕಿ, ಪ್ರತಿಯೊಂದರ ಮೇಲೆ ಪೆನ್ಸಿಲಿನಿಂದ ನಂಬರ್ ಬರೆಯತೊಡಗಿದರು. ಇವನ್ನೂ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದೆ.

“ಇದು ಸಂಗ್ರಹಾಲಯ. ಯಂತ್ರಕ್ಕೆ ಏನಾಯಿತು ಅನ್ನುವುದೂ ಯಂತ್ರದ್ದೇ ಭಾಗ,” ಎಂದರು. “ನೀವು ಮನೆಗೆ ಹೋಗಿ. ಕರೆಯುವವರೆಗೆ ಬರಬೇಡಿ.”

ಏಳು ವಾರ ಮನೆಯಲ್ಲಿದ್ದೆ. ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ಅನ್ನಕ್ಕಿಡುವುದು. ಎಷ್ಟು ಮಲಗಿದರೂ ಎದ್ದಾಗ ದಣಿವೇ ಇರುತ್ತಿತ್ತು. ಹಿರಿಯರಿಗೆ ಎರಡು ಸಲ ಫೋನ್ ಮಾಡಿದೆ, ಅವರು ಎತ್ತಲಿಲ್ಲ.

ಹೊರಗಿನಿಂದ ಬಂದ ಸುರಕ್ಷತಾ ತಜ್ಞರು ಆ ರೆಸಿಸ್ಟರನ್ನು ಬಿಚ್ಚಿ ಮೀಟರಿಗೆ ಹಿಡಿದರಂತೆ. ಬೆರಳಿನಷ್ಟು ದಪ್ಪದ ಕಂದು ಕಡ್ಡಿ, ಹೊರಗೆ ಒಂದು ಬಿರುಕೂ ಇಲ್ಲ. ಮೀಟರಿನ ಮುಳ್ಳು ಅಲುಗಲಿಲ್ಲ. ಅದೇ ಕಾಲದ ಇನ್ನೆರಡು ಯಂತ್ರಗಳು ಅದೇ ಶೆಡ್ಡಿನಲ್ಲಿ ಸರದಿ ಕಾಯುತ್ತಿದ್ದವು. ಅವುಗಳನ್ನೂ ತೆರೆದು ನೋಡಿದರು. ಒಂದರಲ್ಲಿ ಆ ರೆಸಿಸ್ಟರ್ ಕೂಡ ಸತ್ತಿತ್ತು. ಇದನ್ನೆಲ್ಲ ಅಧಿಕಾರಿಣಿ ಫೋನಿನಲ್ಲಿ ಹೇಳಿದ್ದು, ಜನವರಿಯ ಕೊನೆಯಲ್ಲಿ.

“ನಿಮ್ಮ ಹಿರಿಯರು ನಿಮ್ಮನ್ನು ಕೇಳುತ್ತಿದ್ದಾರೆ. ನೀವಿಲ್ಲದೆ ಅವರು ಕೆಲಸ ಶುರು ಮಾಡುವುದಿಲ್ಲವಂತೆ,” ಎಂದರು. “ನಾನು ನಿಮ್ಮನ್ನು ಕ್ಷಮಿಸಿಲ್ಲ. ಇವೆರಡೂ ಬೇರೆ ಬೇರೆ ವಿಷಯ, ಸರಿಯಾಗಿ ತಿಳಿದುಕೊಳ್ಳಿ.”

“ತಿಳಿಯಿತು,” ಎಂದೆ.

ಟ್ಯೂಬು ಬೇಕಿತ್ತು. ಅದನ್ನು ಹುಡುಕುವುದು ನನ್ನ ಪಾಲಿಗೆ ಬಂತು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ಆದರೆ ಬೆಂಗಳೂರಿನಲ್ಲಿ ನಾನು ಜೋಡಿಸುತ್ತಿದ್ದ ರೇಡಾರ್ ಪರದೆಯ ಟ್ಯೂಬು ಇದರ ಅಳತೆಯದೇ ಎಂದು ನೆನಪಿತ್ತು. ಫೆಲ್ಥಮ್‌ನಲ್ಲಿ ವಿಮಾನ ನಿಲ್ದಾಣದ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರ ಅಂಗಳದಲ್ಲಿ, ಊಟದ ಟ್ರಾಲಿಗಳ ರಾಶಿಯ ಹಿಂದೆ, ಕಂಬಳಿ ಸುತ್ತಿದ ಎರಡು ಸಿಕ್ಕಿದವು. ಒಂದರ ಬೆಳ್ಳಿ ಕಲೆ ಹಾಲಾಗಿತ್ತು. ಇನ್ನೊಂದರದ್ದು ಕನ್ನಡಿಯಂತಿತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮಿನಿಕ್ಯಾಬಿನಲ್ಲಿ ಬಂದೆ. ಚಾಲಕರು ಮಗುವಾ ಎಂದು ಕೇಳಿದರು.

ಆ ಟ್ಯೂಬಿಗೂ ಒಂದು ಪೂರ್ವಾಶ್ರಮವಿತ್ತು. ವರ್ಷಗಟ್ಟಲೆ ಒಂದೇ ಚಿತ್ರ ತೋರಿಸಿ, ದೂರ ಅಳೆಯುವ ನಾಲ್ಕು ವೃತ್ತಗಳು, ಒಂದರೊಳಗೊಂದು, ಅದರ ಲೇಪದಲ್ಲೇ ಸುಟ್ಟು ಉಳಿದಿದ್ದವು. ಇದು ಮೂಲದ್ದಲ್ಲ ಎಂದು ಅಧಿಕಾರಿಣಿ ಮೂರು ದಿನ ತಕರಾರು ಮಾಡಿದರು. ಕೊನೆಗೆ, ಮುರಿದ ಟ್ಯೂಬನ್ನೂ ಪಕ್ಕದಲ್ಲೇ ಇಡಬೇಕು, ಹೇಗೆ ಮುರಿಯಿತು ಎಂದು ಬರೆದು ಇಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಬರೆದುಕೊಟ್ಟವನು ನಾನೇ.

ಹೊಸ ರೆಸಿಸ್ಟರ್, ಹೊಸ ಕಾರ್ಡು. ಮತ್ತೆ ಚೌಕ, ಮತ್ತೆ ಅಕ್ಕಿಕಾಳಿನಷ್ಟು ಸಂದು, ಮತ್ತೆ ಕೂದಲೆಳೆಯಷ್ಟು ತಿರುಗಿಸುವುದು. ಹಿರಿಯರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಿದ್ದರು. ನಾನು ಅವರನ್ನು ಸರ್ ಎನ್ನುವುದನ್ನು ಬಿಟ್ಟೆ. ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಹಾಗಾಗಿ ಏನೂ ಕರೆಯುತ್ತಿರಲಿಲ್ಲ, ಎದುರಿಗೆ ಹೋಗಿ ನಿಲ್ಲುತ್ತಿದ್ದೆ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಚೌಕ ಕೂಡಿಕೊಂಡಿತು. ರೆಕ್ಕೆಯ ಪಟ್ಟಿಯನ್ನು ಉಣಿಸಿದೆ. ಕಪ್ಪು ಗಾಜಿನ ಮೇಲೆ, ಆ ನಾಲ್ಕು ಮಸುಕು ವೃತ್ತಗಳ ನಡುವೆ, ಒಂದು ಉದ್ದನೆಯ ಹನಿಯ ಆಕಾರ ಮೂಡಿ ನಡುಗುತ್ತಾ ನಿಂತಿತು. ಹಿಂದಿನ ತುದಿಯಲ್ಲಿ ಎರಡು ಗೆರೆಗಳು ಸೇರಬೇಕಾದಲ್ಲಿ ಇನ್ನೂ ಚೂರು ತಪ್ಪಿತ್ತು. ಅಧಿಕಾರಿಣಿ ಬಹಳ ಹೊತ್ತು ನೋಡಿದರು. ಹಿರಿಯರು ಕನ್ನಡಕ ಹಣೆಗೇರಿಸಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, “ತುದಿ ಸರಿಯಿಲ್ಲ. ಆಫ್ ಮಾಡೋಣ,” ಎಂದರು.

ಆಫ್ ಮಾಡಿದರು. ಕೋಲಿನಿಂದ ಮುಟ್ಟಿದರು, ಸಹಿ ಹಾಕಿದರು. ಈ ಸಲ ಟ್ಯೂಬಿಗೆ ಹೋಗುವ ಹೈವೋಲ್ಟೇಜ್ ತಂತಿಯನ್ನೂ ಬಿಚ್ಚಬೇಕಿತ್ತು. ಅದನ್ನು ಅವರು ಕೈಗವಸು ತೊಟ್ಟು ಬಿಚ್ಚಿ, ಗಾಜಿನ ಪಕ್ಕೆಯಲ್ಲಿದ್ದ ಲೋಹದ ಗುಳಿಗೆ ಕೋಲನ್ನು ಇನ್ನೊಮ್ಮೆ ಒತ್ತಿ ಹಿಡಿದು ತೆಗೆದರು. ಚಹಾ ಮಾಡಿದ್ದು ಅಧಿಕಾರಿಣಿ. ಇಪ್ಪತ್ತು ನಿಮಿಷವಾಯಿತು. ನಾನು ಏಳುವುದಕ್ಕೆ ಮುಂಚೆ ಹಿರಿಯರು ಎದ್ದು, ಮೊಳೆಯಿಂದ ಕೋಲನ್ನು ತೆಗೆದು, ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತರು.

ಅವರೆದುರಿಗೆ ಕೋಲನ್ನು ಒಳಗೆ ಚಾಚಿದೆ. ತಾಮ್ರದ ಕೊಕ್ಕೆ ಆ ಗುಳಿಯನ್ನು ತಾಗಿತು.

ಟಿಕ್.

ಉಗುರಿನಿಂದ ಗಾಜು ತಟ್ಟಿದಷ್ಟು ಸಣ್ಣ ಸದ್ದು. ನೀಲಿಯ ಒಂದು ಚುಕ್ಕಿ. ಟ್ಯೂಬಿನ ಗಾಜು ತನ್ನಲ್ಲಿ ಹೀರಿಕೊಂಡದ್ದು ಆ ಇಪ್ಪತ್ತು ನಿಮಿಷದಲ್ಲಿ ಮೇಲೆ ಬಂದಿತ್ತು. ಅವರು ಎರಡು ಸಲ ಇಳಿಸಿದ ಮೇಲೂ.

“ಕೇಳಿಸಿತಾ?” ಎಂದರು.

“ಕೇಳಿಸಿತು.”

“ಈಗ ಸಹಿ ಹಾಕು.”

ಗೋಡೆಯ ಬಳಿ ಹೋದೆ. ಗಡಿಯಾರ ನೋಡಿ ಹೊತ್ತು ಬರೆದೆ, ಸಹಿ ಹಾಕಿದೆ. ನಾನು ತಿರುಗಿ ಬರುವವರೆಗೂ ಅವರು ಕೈ ಒಳಗೆ ಹಾಕಿರಲಿಲ್ಲ.